ಒಣ ಫರಸಿಯ ಪರವಾಗಿ

ಸಣ್ಣ ಉದ್ದಿಮೆಗಳ ಬೆಳಕು ತಂತ್ರಜ್ಞಾನ ಹಂಚಿಕೆ ಕೇಂದ್ರದ ವಿಶೇಷಾಧಿಕಾರಿಗಳಿಗೆ,

ಮಾನ್ಯರೇ, ಬರುವ ಗುರುವಾರ ತಾವು ಶಹಾಬಾದಿಗೆ ಕಳಿಸಲಿರುವ ಲಾರಿಯನ್ನು ದಯವಿಟ್ಟು ಕಳಿಸಬೇಡಿ. ಅದು ಹೊತ್ತೊಯ್ಯಲು ಬರುತ್ತಿರುವುದು ನಮ್ಮ ಲೇಸರ್ ಕೆತ್ತನೆ ಯಂತ್ರವನ್ನು. ಒಯ್ಯುವ ಕಾರಣ ತಮ್ಮ ಆದೇಶದಲ್ಲೇ ಇದೆ: ‘ಸ್ಥಳೀಯ ಶಿಲೆಯು ಲೇಸರ್ ಕೆತ್ತನೆಗೆ ಅನರ್ಹವೆಂದು ಪರೀಕ್ಷೆಯಲ್ಲಿ ಕಂಡುಬಂದಿರುತ್ತದೆ.’ ಎಷ್ಟೋ ಊರುಗಳ ಅಡುಗೆಮನೆಗೆ, ಶಾಲೆಗೆ, ರೈಲು ನಿಲ್ದಾಣಕ್ಕೆ ನೆಲವಾಗಿ ಹಾಸಿಕೊಂಡು ತುಳಿಸಿಕೊಂಡ ನಮ್ಮ ಫರಸಿ ಕಲ್ಲು ಒಂದೇ ಮಧ್ಯಾಹ್ನದಲ್ಲಿ ನಪಾಸಾಯಿತು. ಸಿಟ್ಟಿನಿಂದಲೇ ಬರೆಯಬೇಕೆಂದು ಕುಳಿತವಳು ನಾನು. ಆದರೆ ಮೂರು ದಿನದಿಂದ ನಗು ತಡೆಯಲಾಗುತ್ತಿಲ್ಲ. ಪತ್ರದಲ್ಲಿ ಅಲ್ಲಲ್ಲಿ ಸಭ್ಯತೆ ಜಾರಿದರೆ ಅದನ್ನು ಸಂತೋಷದ ಲೆಕ್ಕಕ್ಕೆ ಹಾಕಿಕೊಳ್ಳಿ.

ನನ್ನ ಹೆಸರು ಭಾಗ್ಯಜ್ಯೋತಿ. ಶಹಾಬಾದಿನಲ್ಲಿ ನನ್ನದೊಂದು ಸಣ್ಣ ಫರಸಿ ಪಾಲಿಶ್ ಘಟಕವಿದೆ. ಜೊತೆಗೆ ಕಲ್ಲಿನ ಮೇಲೆ ಅಕ್ಷರ ಕೆತ್ತಿಕೊಡುತ್ತೇವೆ: ಮನೆಯ ಹೆಸರು, ಗೋರಿಯ ಕಲ್ಲು, ಶಂಕುಸ್ಥಾಪನೆಯ ಕಲ್ಲು. ಕೆತ್ತುವವರು ಬಂದೇನವಾಜ್ ಚಾಚಾ. ನಲವತ್ತು ವರ್ಷದಿಂದ ಅವರದು ಅದೇ ಕಸುಬು. ಮೊದಲು ಕುಂಚದಿಂದ ಬರೆಯುತ್ತಿದ್ದರು, ಆಮೇಲೆ ಚಾಣ, ಸುತ್ತಿಗೆ ಹಿಡಿಯುತ್ತಿದ್ದರು. ಅವರ ದುಂಡು ಅಕ್ಷರ ಬೇಕೆಂದು ಸೇಡಂ, ಚಿಂಚೋಳಿಯಿಂದ ಜನ ಬಂದು ಕಾಯುತ್ತಿದ್ದರು. ಹೋದ ವರ್ಷ ಅವರ ಮಣಿಕಟ್ಟು ಕೈಕೊಟ್ಟಿತು. ಕುಂಚ ಹಿಡಿಯಬಲ್ಲರು, ಸುತ್ತಿಗೆ ಎತ್ತಲಾರರು. ಇನ್ನು ಸುತ್ತಿಗೆ ಮುಟ್ಟಬೇಡಿರೆಂದು ಡಾಕ್ಟರು ಕಡ್ಡಿ ತುಂಡು ಮಾಡಿದಂತೆ ಹೇಳಿದರು. ಅಂದಿನಿಂದ ಚಾಚಾ ಅಂಗಡಿಗೆ ದಿನಾ ಬರುತ್ತಾರೆ, ಕಾಗದದ ಮೇಲೆ ಅಕ್ಷರ ಬರೆಯುತ್ತಾರೆ, ಮಡಚಿ ಜೇಬಿಗೆ ಹಾಕಿಕೊಂಡು ಮನೆಗೆ ಹೋಗುತ್ತಾರೆ. ಅವರ ನಂತರ ಆ ಅಕ್ಷರ ಕೆತ್ತುವವರು ನಮ್ಮಲ್ಲಿ ಯಾರೂ ಇಲ್ಲ. ನನಗೆ ಈ ಯಂತ್ರ ಬೇಕಾಗಿರುವುದು ಅದಕ್ಕಾಗಿ.

ತಮ್ಮ ಯೋಜನೆಯ ಪುಸ್ತಿಕೆ ಓದಿದಾಗ ನಾನು ಕುಣಿದಾಡಿದ್ದೆ. ಒಬ್ಬೊಬ್ಬ ಸಣ್ಣ ಮಾಲೀಕ ಕೊಳ್ಳಲಾರದ ಯಂತ್ರವನ್ನು ಹತ್ತಾರು ಘಟಕಗಳು ಸೇರಿ ಬಳಸುವುದು, ಬಳಸಲು ಕಲಿಸುವುದು, ತಪ್ಪಿದರೆ ತಿದ್ದುವುದು. ಎಂಥ ಜಾಣತನ! ನಮ್ಮೂರಿಗೆ ಇದು ಹೊಸದೂ ಅಲ್ಲ. ಮನೆಗೊಂದು ಹಿಟ್ಟಿನ ಗಿರಣಿ ಯಾರಿಟ್ಟುಕೊಳ್ಳುತ್ತಾರೆ? ಓಣಿಗೊಂದು ಗಿರಣಿ, ಡಬ್ಬಿಯಲ್ಲಿ ಜೋಳ, ಪಾಳಿಯಲ್ಲಿ ನಿಂತರಾಯಿತು. ಆದರೆ ತಮ್ಮ ಗಿರಣಿಗೆ ಎಂಟು ತಿಂಗಳು ಬೀಗ. ವಾಡಿ ರಸ್ತೆಯ ಶೆಡ್ಡಿನ ಕಿಟಕಿಯಿಂದ ಇಣುಕಿ ನಾವು ಯಂತ್ರದ ದರ್ಶನ ಪಡೆಯುತ್ತಿದ್ದೆವು. ಕೇಳಿದಾಗಲೆಲ್ಲ ಒಂದು ಅರ್ಜಿ ನಮೂನೆ, ಆ ಅರ್ಜಿ ಪಡೆಯಲು ಇನ್ನೊಂದು ಅರ್ಜಿ. ಹಂಚಿಕೆ ಆಗಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಉದ್ಘಾಟನೆಯ ಫೋಟೋಗಳನ್ನು ವಾಟ್ಸಾಪಿನಲ್ಲಿ ಧಾರಾಳವಾಗಿ ಹಂಚಿದ್ದೀರಿ.

ಕೊನೆಗೊಮ್ಮೆ ಬೀಗ ತೆಗೆದದ್ದು ಪರೀಕ್ಷೆಯ ದಿನ. ರಾಜಧಾನಿಯಿಂದ ತಮ್ಮ ಪರಿವೀಕ್ಷಕರು ಬಂದರು. ಯಂತ್ರದ ಉಸ್ತುವಾರಿಯ ಸಾಯಿಕುಮಾರ, ಸೇಡಂನ ಡಿಪ್ಲೊಮಾ ಓದಿದ ಹುಡುಗ, ತಂಗಿಯ ಮದುವೆಗೆ ರಜೆಯ ಮೇಲಿದ್ದ. ಕಲ್ಲು ತಂದವಳು ನಾನು. ಈಗ ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ನಮ್ಮಲ್ಲಿ ನೀರು ಹಾಕದೆ ಕಲ್ಲಿಗೆ ಕೈ ಹಚ್ಚುವುದಿಲ್ಲ. ಕೊಯ್ಯುವಾಗ ನೀರು, ಉಜ್ಜುವಾಗ ನೀರು; ಇಲ್ಲದಿದ್ದರೆ ಧೂಳೇಳುತ್ತದೆ, ಬ್ಲೇಡ್ ಸುಡುತ್ತದೆ. ಒಣ ಕಲ್ಲಿಗೆ ಕೈ ಹಾಕುವವರನ್ನು ಮನೆಗೆ ಬಂದವರಿಗೆ ನೀರು ಕೊಡದವರ ಸಾಲಿಗೆ ಸೇರಿಸುತ್ತಾರೆ. ನಾನು ಮರ್ಯಾದಸ್ಥ ಮನೆತನದವಳು. ಒಂದು ಕೊಡ ನೀರನ್ನು ಭಕ್ತಿಯಿಂದ ಫರಸಿಯ ಮೇಲೆ ಸುರಿದು, ಅದು ಥಳಥಳ ಹೊಳೆಯುತ್ತಿರುವಾಗಲೇ ಲೇಸರಿನ ಕೆಳಗೆ ಇಟ್ಟೆ. ಪರಿವೀಕ್ಷಕರು ಗುಂಡಿ ಒತ್ತಿದರು, ಬೆಳಕು ಬಂತು, ನೀರು ಚುಸ್ಸೆಂದಿತು, ಕಲ್ಲಿನ ಮೇಲೆ ಮಸುಕು ಗೆರೆ ಬಿಟ್ಟು ಏನೂ ಮೂಡಲಿಲ್ಲ. ಎರಡನೆಯ ಕಲ್ಲಿಗೆ ಇನ್ನೂ ಹೆಚ್ಚು ನೀರು ಹಾಕಿದೆ.

ತಮ್ಮ ಪರಿವೀಕ್ಷಕರು ನೀರು ಯಾಕೆಂದು ಕೇಳಲಿಲ್ಲ. ವರದಿಯಲ್ಲಿ ‘ಸ್ಥಳೀಯ ಪದ್ಧತಿಯಂತೆ ಶಿಲೆಯನ್ನು ಸಿದ್ಧಪಡಿಸಲಾಯಿತು’ ಎಂದು ಗೌರವದಿಂದ ಬರೆದುಕೊಂಡರು. ಬೆಳಕಿನ ಯಂತ್ರದವರಿಗೆ ಕಲ್ಲು ಗೊತ್ತಿಲ್ಲ, ಕಲ್ಲಿನವರಿಗೆ ಬೆಳಕು ಗೊತ್ತಿಲ್ಲ. ಇಬ್ಬರನ್ನೂ ಕೂರಿಸಿ ಮಾತಾಡಿಸಲಿಕ್ಕೆಂದೇ ಅಲ್ಲವೇ ಕೇಂದ್ರ ಹುಟ್ಟಿದ್ದು? ಅಂದು ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕು, ಚಹಾ ಕುಡಿದು, ಕೈಮುಗಿದು ಬೇರೆಯಾದೆವು.

ಪರೀಕ್ಷೆ ನೋಡಲು ಬಂದಿದ್ದ ಚಾಚಾ ತಮ್ಮ ಕಾಗದ ಮಡಚಿಕೊಂಡು ಮನೆಗೆ ಹೋದರು. ಮರುದಿನ ಅಂಗಡಿಗೂ ಬರಲಿಲ್ಲ. ಆ ನೋವು ನನಗೆ ಇನ್ನೂ ಇದೆ.

ಈಗ ನಗುವಿನ ವಿಷಯ. ಸಾಗಿಸುವ ಮುನ್ನ ಯಂತ್ರವನ್ನು ಒಮ್ಮೆ ನಡೆಸಿ ‘ಸುಸ್ಥಿತಿಯಲ್ಲಿದೆ’ ಎಂದು ಬರೆಯಬೇಕೆಂಬುದು ತಮ್ಮದೇ ನಿಯಮ. ಮೂರು ದಿನದ ಹಿಂದೆ ಸಾಯಿಕುಮಾರ ಅದಕ್ಕಾಗಿ ಶೆಡ್ಡು ತೆರೆದ. ಕೊನೆಯ ದರ್ಶನವೆಂದು ಚಾಚಾನನ್ನು ಒತ್ತಾಯದಿಂದ ಕರೆದುಕೊಂಡು ಹೋದೆ. ಫರಸಿ ಇಟ್ಟು, ಕೊಡ ಹಿಡಿದು ನಲ್ಲಿ ತಿರುವಿದರೆ ನೀರಿಲ್ಲ. ಅಂದು ನೀರು ಬಿಡುವ ಪಾಳಿ ನಮ್ಮದಲ್ಲ.

“ತಡಿ ತಮ್ಮಾ, ಎಲ್ಲಿಂದರ ನೀರು ತರ್ತೀನಿ” ಎಂದೆ.

“ನೀರ್ಯಾಕ್ರಿ ಅಕ್ಕಾ? ಹೆಂಗೂ ಲಾರಿ ಹತ್ತೋ ಮಶೀನ್ ಅದ. ಹಂಗೇ ಇಡ್ರಿ, ಒಂದ್ ಸಲ ನಡಸಿ ಬಂದ್ ಮಾಡ್ತೀನಿ.”

“ಒಣಾ ಕಲ್ಲಿಗಿ ಹಚ್ತೀಯೇನೋ? ಮಶೀನ್ ಖರಾಬ್ ಆಗ್ತದ ನೋಡು” ಎಂದು ಚಾಚಾ ಎದ್ದುನಿಂತರು.

“ಆಗಲ್ರಿ ಚಾಚಾ. ಏನರ ಬರದದ್ದು ಇದ್ರ ಕೊಡ್ರಿ.”

ಚಾಚಾ ಜೇಬಿನಿಂದ ಕಾಗದ ತೆಗೆದರು. ಅದರಲ್ಲಿದ್ದದ್ದು ಅವರ ಹೆಂಡತಿಯ ಹೆಸರು: ನಜಮುನ್ನೀಸಾ. ‘ಊರಾಗಿನ ಎಲ್ಲಾರ ಹೆಸರು ಕೆತ್ತಿದ್ರಿ, ಸತ್ತವರದೂ ಬಿಡಲಿಲ್ಲ, ನನ್ನ ಹೆಸರಿಗಿ ಒಂದು ಫರಸಿ ಸಿಗಲಿಲ್ಲೇನ್ರಿ’ ಎಂದು ಚಾಚಿ ಮದುವೆಯಾದಾಗಿನಿಂದ ಅನ್ನುತ್ತಿದ್ದರಂತೆ. ಸಾಯಿಕುಮಾರ ಆ ಕಾಗದದ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದ, ಗುಂಡಿ ಒತ್ತಿದ. ಕಪ್ಪು ಫರಸಿಯ ಮೇಲೆ ಬಿಳಿ ಅಕ್ಷರ ಒಂದೊಂದಾಗಿ ಅರಳಿದವು ಸ್ವಾಮಿ! ಚಾಚಾ ಅಕ್ಷರದ ತುದಿಯಲ್ಲಿ ಕುಂಚವನ್ನು ಸ್ವಲ್ಪ ಎತ್ತಿ ಬಿಡುತ್ತಾರಲ್ಲ, ಆ ಎಳೆಯೂ ತಪ್ಪಲಿಲ್ಲ. ನಾನು ಕೊಡ ಬಡಿದುಕೊಂಡು ಕುಣಿದೆ. ಕೊಡಕ್ಕೆ ತಗ್ಗು ಬಿದ್ದಿದೆ, ಪರಿಹಾರ ಕೇಳುವುದಿಲ್ಲ. ನಲ್ಲಿಗೆ ನೀರು ಬಾರದ್ದಕ್ಕೆ ಜೀವನದಲ್ಲಿ ಮೊದಲ ಸಲ ಕೈಮುಗಿದೆ.

ಚಾಚಾ ಬೆರಳಿನಿಂದ ಅಕ್ಷರಗಳನ್ನು ಸವರಿದರು. ನನ್ನ ಕಡೆ ತಿರುಗಿ ಹೇಳಿದರು: “ಭಾಗ್ಯಾ, ನನ್ನ ಕೈ ಇನ್ನಾ ಅದ ನೋಡು ಬೇಟಾ.”

ಸಂಜೆ ಚಾಚಿ ಬಂದು ಕಲ್ಲಿನ ಸುತ್ತ ಒಂದು ಸುತ್ತು ಹಾಕಿದರು. “ಅಕ್ಷರ ಭಾಳ ಛಲೋ ಅವ. ಆದ್ರ ಇಷ್ಟು ದೊಡ್ಡ ಫರಸಿ ಮನ್ಯಾಗ ಎಲ್ಲಿಡ್ಲಿ?” ಎಂದರು. ಸುದ್ದಿ ಚಿತ್ತಾಪುರ ದಾಟಿ ಕೋಡ್ಲಾಕ್ಕೂ ಮುಟ್ಟಿದೆ. ನಿನ್ನೆಯಿಂದ ಪಾಲಿಶ್ ಘಟಕದವರು ಒಣ ಕಲ್ಲುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಶೆಡ್ಡಿನ ಮುಂದೆ ಪಾಳಿ ಹಚ್ಚಿದ್ದಾರೆ. ಒಬ್ಬರು ಲಟ್ಟಣಿಗೆಯನ್ನೂ ತಂದಿದ್ದಾರೆ. ಸಾಯಿಕುಮಾರ ಅನುಮತಿ ಇಲ್ಲವೆಂದು ಎಲ್ಲರಿಗೂ ಕೈಮುಗಿಯುತ್ತ ನಿಂತಿದ್ದಾನೆ. ಯಂತ್ರ ಸುಸ್ಥಿತಿಯಲ್ಲಿದೆಯೆಂದು ತಮ್ಮದೇ ಕಾಗದ ಹೇಳುತ್ತದೆ, ಕಲ್ಲು ಸುಸ್ಥಿತಿಯಲ್ಲಿದೆಯೆಂದು ಚಾಚಿಯ ಹೆಸರು ಹೇಳುತ್ತದೆ. ಹಾಗಾದರೆ ಗುರುವಾರದ ಲಾರಿ ಯಾವ ಸತ್ಯವನ್ನು ಹೊತ್ತೊಯ್ಯಲು ಬರುತ್ತಿದೆ?

ನಮ್ಮ ಬೇಡಿಕೆ ದೊಡ್ಡದಲ್ಲ. ಬೀಗದ ಕೈಯನ್ನೂ ಅನುಮತಿಯನ್ನೂ ಸಾಯಿಕುಮಾರನಿಗೆ ಕೊಡಿ. ಬೆಳಕು ಬಲ್ಲವರೊಬ್ಬರನ್ನು ಒಂದು ವಾರ ಕಳಿಸಿ, ಅವರು ನಮ್ಮಿಂದ ಕಲ್ಲು ಕಲಿಯಲಿ, ನಾವು ಅವರಿಂದ ಬೆಳಕು ಕಲಿಯುತ್ತೇವೆ. ತಾವೂ ಬನ್ನಿ, ತಮ್ಮೆದುರೇ ಒಣ ಫರಸಿಯ ಮರುಪರೀಕ್ಷೆ ಆಗಲಿ. ಕಡತದಲ್ಲಿ ಒಮ್ಮೆ ‘ಅನರ್ಹ’ ಎಂದು ಬರೆದದ್ದನ್ನು ಖಾಲಿ ಬಿಡಲಾಗದು, ಯಾರಾದರೂ ಅನರ್ಹರು ಇರಲೇಬೇಕು ಎನ್ನುವುದು ತಮ್ಮ ತೊಡಕಾದರೆ, ಅದಕ್ಕೂ ದಾರಿಯಿದೆ. ‘ಸ್ಥಳೀಯ ಶಿಲೆ’ ಎಂಬುದನ್ನು ಹೊಡೆದುಹಾಕಿ, ಆ ಜಾಗದಲ್ಲಿ ನನ್ನ ಹೆಸರು ಬರೆದುಕೊಳ್ಳಿ. ಸಹಿ ಹಾಕಿಕೊಡುತ್ತೇನೆ. ಯಂತ್ರ ಮಾತ್ರ ಚಾಚಾನ ಕೈಗೆ ಬಿಟ್ಟುಬಿಡಿ.

ಇಂತಿ,
ಪರೀಕ್ಷೆಯಲ್ಲಿ ಅನರ್ಹಳಾದ
ಭಾಗ್ಯಜ್ಯೋತಿ, ಶಹಾಬಾದ