ಎತ್ತಿದ ಕೈಗಳು

ಮಾರ್ಚ್ ೧೧, ಮಂಗಳವಾರ

ಜೈಲಿನಿಂದ ಬಂದು ನಾನು ಕೆಲಸ ಮಾಡುವ ಮರಗೆಲಸದ ಅಂಗಡಿ ಸೇರಿದವನು ನನ್ನ ಸ್ವಂತ ಅಣ್ಣ ಎಂದು ಅಲ್ಲಿ ಯಾರ ಮುಂದೆಯೂ ಇಷ್ಟು ದಿನ ಬಾಯಿಬಿಟ್ಟಿರಲಿಲ್ಲ. ನಾಚಿಕೆಯಿತ್ತು. ಇವತ್ತು ಹೇಳಿಬಿಟ್ಟೆ.

ಕೆಲಸ ಮುಗಿದೊಡನೆ ಅಣ್ಣ ಉಳಿಗಳನ್ನು ಸಾಲಾಗಿ ಜೋಡಿಸಿಟ್ಟು, ತಪಾಸಣೆಗೆಂದು ಎರಡೂ ಕೈ ಎತ್ತಿ ನಿಲ್ಲುತ್ತಾನೆ. ಜೈಲಿನೊಳಗಿನ ಅಭ್ಯಾಸ. ಇವತ್ತು ಮಾಲೀಕರು ಅವನ ಜೇಬು ತಡಕಿ, "ಒಂದು ಉಳಿ ಕಮ್ಮಿ ಇದೆಯಲ್ಲಪ್ಪಾ?" ಎಂದರು. ಎಲ್ಲರೂ ನಕ್ಕರು. ಅಣ್ಣ ನಿಜವೆಂದೇ ನಂಬಿ, ಎತ್ತಿದ ಕೈ ಇಳಿಸದೆಯೇ ಉಳಿಗಳನ್ನು ಮತ್ತೆ ಎಣಿಸತೊಡಗಿದ.

"ಅವನು ನನ್ನ ಅಣ್ಣ. ಕೈ ತೆಗೀರಿ," ಎಂದೆ.

"ಬುದ್ಧಿ ಕಲೀಲಿ ಅಂತಾನೇ ಒಳಗೆ ಹಾಕೋದು ಕಣೋ. ಕಲ್ತಿದಾನೆ ನೋಡು," ಎಂದರು ಮಾಲೀಕರು.

"ಇದು ಬುದ್ಧಿ ಅಲ್ಲ, ಹೆದರಿಕೆ. ಅರ್ಧಕ್ಕೇ ಶಾಲೆ ಬಿಟ್ಟೋನು ನಾನು, ನಂಗೂ ಅಷ್ಟು ಗೊತ್ತಾಗತ್ತೆ."

"ಸರಿ ಮೇಷ್ಟ್ರೇ, ಅಣ್ಣನ್ನ ಕರ್ಕೊಂಡು ನಡೀರಿ."

ಇಬ್ಬರ ಕೆಲಸವೂ ಹೋಯಿತು. ಹೋಗಲಿ. ಕದ್ದದ್ದಕ್ಕೆ ಅವನ ಶಿಕ್ಷೆ ಮುಗಿದಿದೆ. ಹೀಗೆ ಕೈ ಎತ್ತಿ ನಿಲ್ಲಬೇಕೆಂದು ಯಾವ ತೀರ್ಪಿನಲ್ಲೂ ಬರೆದಿರಲಿಲ್ಲ.

ಬೇರೆ ಊರಲ್ಲಿ ಕೆಲಸ ಹುಡುಕಲು ನಾಳೆ ಬೆಳಗಿನ ಬಸ್ಸಿಗೆ ಇಬ್ಬರೂ ಹೊರಡುತ್ತೇವೆ.