ಬೆಂಕಿಗೆ ಓಡಿದವರು ಆಟ ಬಿಟ್ಟು ಓಡಿದವರಲ್ಲ

ಮಾನ್ಯ ಅಧ್ಯಕ್ಷರೇ,

ತಮ್ಮ ಜಿಲ್ಲಾ ಕ್ರಿಕೆಟ್ ಸಂಘದ ಈ ವರ್ಷದ ವಾರ್ಷಿಕ ಪುಸ್ತಕ ಕಳೆದ ವಾರ ನನ್ನ ಅಂಚೆ ಡಬ್ಬಿಗೆ ಬಂದು ಬಿತ್ತು. ಹೊಳಪಿನ ಕಾಗದ, ಮೊದಲ ಪುಟದಲ್ಲೇ ತಮ್ಮ ನಗುಮುಖ. ಹದಿನೇಳನೇ ಪುಟದಲ್ಲಿ ಒಂದು ಸಾಲು ಹೀಗಿದೆ: "ಹತ್ತನೇ ಸುತ್ತು. ಕುರಾಂಬಿ ತಂಡ ಆಟದ ನಡುವೆ ಮೈದಾನ ತೊರೆದದ್ದರಿಂದ ನರೀಲ್ ತಂಡಕ್ಕೆ ಪೂರ್ಣ ಅಂಕ." ಈ ಸಾಲು ಸುಳ್ಳು ಎಂದು ನಾನು ಹೇಳುತ್ತಿದ್ದೇನೆ. ಮೂರು ಸಲ ತಮಗೆ ಖಾಸಗಿಯಾಗಿ ಬರೆದು ಹೇಳಿದೆ, ಉತ್ತರ ಬರಲಿಲ್ಲ. ತಾವು ನಮ್ಮ ವಾರಪತ್ರಿಕೆಯನ್ನು ಬೆಳಗಿನ ಕಾಫಿಯ ಜೊತೆ ತಪ್ಪದೆ ಓದುತ್ತೀರಿ ಎಂದು ಕೇಳಿದ್ದೇನೆ. ಆದ್ದರಿಂದ ನಾಲ್ಕನೆಯದನ್ನು ಇಲ್ಲಿ ಅಚ್ಚು ಹಾಕಿಸುತ್ತಿದ್ದೇನೆ.

ನಾನು ಯಾರೆಂದು ತಮಗೆ ಗೊತ್ತು, ಓದುಗರಿಗೆ ಹೇಳುತ್ತೇನೆ. ಹೆಸರು ನೋಲಾ ಹೈನ್ರಿಕ್. ಮೂವತ್ತೊಂದು ಬೇಸಿಗೆಗಳಿಂದ ಕುರಾಂಬಿಯ ಸ್ಕೋರು ಬರೆಯುವವಳು. ವಿಕ್ಟೋರಿಯಾದ ಈ ಗೋಧಿ ಸೀಮೆಯಲ್ಲಿ ಶನಿವಾರ ಮಧ್ಯಾಹ್ನ ನಾನು ಕೂರದ ತಗಡಿನ ಚಪ್ಪರವಿಲ್ಲ. ಲೆಗ್ ಬೈ ಯಾವುದು, ಬ್ಯಾಟಿಗೆ ತಾಗಿದ್ದು ಯಾವುದು ಎಂದು ಸದ್ದಿನಲ್ಲೇ ಹೇಳಬಲ್ಲೆ. ಯಾರು ಮೈದಾನ ತೊರೆದರು, ಯಾಕೆ ತೊರೆದರು ಎಂಬುದನ್ನೂ ಹೇಳಬಲ್ಲೆ. ಅಂದು ನಾನು ಅಲ್ಲಿದ್ದೆ. ತಾವು ಇರಲಿಲ್ಲ.

ಜನವರಿಯ ಎರಡನೇ ಶನಿವಾರ. ನರೀಲ್‌ನಲ್ಲಿ ಮೂವತ್ತೊಂಬತ್ತು ಡಿಗ್ರಿ ಬಿಸಿಲು. ತಮ್ಮ ನಿಯಮದ ಪ್ರಕಾರ ನಲವತ್ತಾದರೆ ಮಾತ್ರ ಆಟ ರದ್ದು, ಹಾಗಾಗಿ ಆ ಒಂದು ಡಿಗ್ರಿಯ ನೆರಳಿನಲ್ಲಿ ನಾವು ಆಡಿದೆವು. ನರೀಲ್‌ನವರು ನೂರ ಎಪ್ಪತ್ತೊಂದಕ್ಕೆ ಔಟಾದರು. ಇಪ್ಪತ್ತಮೂರು ಓವರು ಎರಡು ಚೆಂಡು ಮುಗಿದಾಗ ನಮ್ಮದು ಮೂರು ವಿಕೆಟ್‌ಗೆ ತೊಂಬತ್ತೆರಡು. ನಾಯಕ ರಾಸ್ ಜ್ವಾರ್ ಮೂವತ್ತನಾಲ್ಕು ಹೊಡೆದು ನಿಂತಿದ್ದ. ನಲವತ್ತೊಂದು ವಯಸ್ಸಿನ ಈ ರಾಸ್ ವಾರದ ಐದು ದಿನ ಗೋಧಿ ಬೆಳೆಯುತ್ತಾನೆ, ಶನಿವಾರ ಎಡಗೈ ಬ್ಯಾಟು ಬೀಸುತ್ತಾನೆ, ಏಳು ದಿನವೂ ನಮ್ಮೂರ ಸ್ವಯಂಸೇವಕ ಅಗ್ನಿದಳದ ಮುಖ್ಯಸ್ಥ. ಈ ಸೀಮೆಯಲ್ಲಿ ಕ್ರಿಕೆಟ್ ಆಡುವವರೂ ಬೆಂಕಿ ಆರಿಸುವವರೂ ಬೇರೆ ಬೇರೆ ಜನ ಎಂದು ಸಂಘದ ಕಚೇರಿಯಲ್ಲಿ ಯಾರೋ ತಿಳಿದಂತಿದೆ. ಅಷ್ಟೊಂದು ಜನ ನಮ್ಮಲ್ಲಿಲ್ಲ, ಸ್ವಾಮಿ.

ಉತ್ತರದ ಗುಡ್ಡದ ಕಡೆ ಮಳೆಯಿಲ್ಲದ ಸಿಡಿಲು ಬಿತ್ತು. ಕೊಯ್ಲಾದ ಗೋಧಿಯ ಕೂಳೆಗೆ ಕಿಡಿ ತಾಗಿತು. ಹೊಗೆ ಕಣ್ಣಿಗೆ ಬೀಳುವ ಮೊದಲೇ ಎರಡೂ ತಂಡದವರ ಚೀಲಗಳಲ್ಲಿದ್ದ ಅಗ್ನಿದಳದ ಪೇಜರ್‌ಗಳು ಒಟ್ಟಿಗೆ ಕೂಗಿಕೊಂಡವು. ನರೀಲ್ ನಾಯಕ ಡೇಮಿಯನ್ ಕ್ವಿಲ್ಟಿ ಆಗ ಚೆಂಡು ಹಿಡಿದು ಓಡಿ ಬರುತ್ತಿದ್ದ, ಅರ್ಧಕ್ಕೆ ನಿಂತ. ಅಂಪೈರ್ ಆಲ್ಬಿ ಫೆನ್ನಿಂಗ್, ತಮ್ಮದೇ ಸಂಘದ ಪಟ್ಟಿಯಲ್ಲಿರುವ ಅತ್ಯಂತ ಹಳೆಯ ಅಂಪೈರು, ಎರಡೂ ಕಡೆಯ ಬೇಲ್ಸ್ ತೆಗೆದು ಜೇಬಿಗೆ ಹಾಕಿಕೊಂಡು ಕೂಗಿದ: "ಏನ್ರೋ ನೋಡ್ತಾ ನಿಂತಿದೀರಾ? ಹೋಗ್ರೋ!" ಹಾಗೆಂದವನು ತಾನೇ ಮೊದಲು ಓಡಿದ. ಎಪ್ಪತ್ತು ದಾಟಿದವನು, ಬಿಳಿ ಕೋಟು ಹಾರಿಸಿಕೊಂಡು.

ಇದನ್ನು ತಾವು "ಅಂಪೈರ್ ಅನುಮತಿಯಿಲ್ಲದೆ ನಿರ್ಗಮನ" ಎಂದು ಕರೆದಿದ್ದೀರಿ.

ಮೈದಾನದಲ್ಲಿ ಉಳಿದವರು ನರೀಲ್‌ನ ಇಬ್ಬರು. ಒಬ್ಬನಿಗೆ ಉಬ್ಬಸ, ಹೊಗೆಯ ಹತ್ತಿರ ಹೋಗುವಂತಿಲ್ಲ. ಇನ್ನೊಬ್ಬನ ಮೊಣಕಾಲು ಆಗಷ್ಟೇ ತಿರುಚಿತ್ತು. ಆಮೇಲೆ ಚಹಾದ ಮೇಜಿನ ಹೆಂಗಸರು ಮತ್ತು ನಾನು. ನಾವು ಸ್ಯಾಂಡ್‌ವಿಚ್‌ಗಳನ್ನೂ ನೀರನ್ನೂ ಪಿಕಪ್‌ಗೆ ತುಂಬಿ ಬೆಂಕಿಯ ದಾರಿಗೆ ಕಳಿಸಿದೆವು. ಸ್ಕೋರ್‌ಬುಕ್ ಮುಚ್ಚಿ ಮಡಿಲಲ್ಲಿಟ್ಟುಕೊಂಡು ಕೂತೆ. ನನ್ನ ತಮ್ಮನೂ ನಮ್ಮ ಅಗ್ನಿದಳದ ಟ್ಯಾಂಕರ್ ಹತ್ತಿ ಹೋಗಿದ್ದ. ಹೊಗೆ ಕಪ್ಪಾಗುತ್ತಾ ಬರುವುದನ್ನು ನೋಡುತ್ತಾ ಕೂರುವುದು ಹೇಗಿರುತ್ತದೆಂದು ತಮ್ಮ ನಿಯಮಾವಳಿಯಲ್ಲಿ ಬರೆದಿಲ್ಲ, ಆದ್ದರಿಂದ ಇಲ್ಲಿ ವಿವರಿಸುವುದಿಲ್ಲ.

ಬೆಂಕಿ ಹೋದದ್ದು ಕ್ವಿಲ್ಟಿಯವರ ಹೊಲದ ಕಡೆಗೆ. ಅಲ್ಲಿ ಡೇಮಿಯನ್‌ನ ಅಪ್ಪ ಬರ್ನಿ ಒಬ್ಬನೇ ಇದ್ದ. ಎಪ್ಪತ್ತೊಂಬತ್ತು ವರ್ಷ, ನಾಲ್ಕುನೂರು ಕುರಿ, ಯಾರ ಮಾತನ್ನೂ ಕೇಳದ ಸ್ವಭಾವ. ಡೇಮಿಯನ್ ಹತ್ತಿದ್ದ ಟ್ಯಾಂಕರ್ ಹಳ್ಳದ ಆಚೆ ಸಿಕ್ಕಿಹಾಕಿಕೊಂಡಿತ್ತು. ಮೊದಲು ಆ ಮನೆ ಮುಟ್ಟಿದ್ದು ನಮ್ಮ ಗಾಡಿ. ಕಾಲಿಗೆ ಪ್ಯಾಡ್ ಕಟ್ಟಿಕೊಂಡೇ ಇದ್ದ ರಾಸ್ ಕೆಳಗೆ ಹಾರಿದಾಗ ಬರ್ನಿ ಒದ್ದೆ ಗೋಣಿಚೀಲ ಹಿಡಿದು ಬೇಲಿಯ ಹತ್ತಿರ ನಿಂತಿದ್ದನಂತೆ.

"ಬರ್ನಿ, ಗಾಡಿ ಹತ್ತಿ."

"ನನ್ನ ಕುರಿ ಬಿಟ್ಟು ಬರಲ್ಲ ಕಣೋ."

"ಕುರಿನ ಹುಡುಗರು ಹೊಡ್ಕೊಂಡು ಹೋಗ್ತಾರೆ. ನೀವು ಹತ್ತಿ."

"ನಿಮ್ಮವರಿಗೆ ಒಂದು ಕ್ಯಾಚ್ ಹಿಡಿಯಕ್ಕೆ ಬರಲ್ಲ, ನಾಲ್ಕುನೂರು ಕುರಿ ಹಿಡೀತಾರಾ?"

ರಾಸ್ ಮುದುಕನನ್ನು ಹೆಗಲ ಮೇಲೆ ಹಾಕಿಕೊಂಡ. ಅಂಗಳದ ಕಬ್ಬಿಣದ ಗೇಟು ಅಷ್ಟರಲ್ಲಿ ಕಾದುಹೋಗಿತ್ತು. ಅದನ್ನು ಎಡಗೈಯಲ್ಲಿ ತಳ್ಳಿ ತೆರೆದ. ಅಂಗೈಯ ಚರ್ಮ ಗೇಟಿಗೇ ಅಂಟಿ ಉಳಿಯಿತು. ಕೊಟ್ಟಿಗೆ ಸುಟ್ಟಿತು, ಮನೆ ಉಳಿಯಿತು, ಮೂವತ್ತು ಕುರಿ ಬಿಟ್ಟು ಉಳಿದದ್ದೆಲ್ಲ ಬದುಕಿತು. ಬರ್ನಿ ದಾರಿಯುದ್ದಕ್ಕೂ ಬೈಯುತ್ತಲೇ ಇದ್ದ. ಹೊಗೆಯಿಂದ ಹೊರಗೆ ಬಂದ ಮೇಲೆ ರಾಸ್‌ನ ಕೈ ನೋಡಿದ, ಅತ್ತ.

ಈಗ ತಮ್ಮ ನಿಯಮಕ್ಕೆ ಬರೋಣ. ಅಂಪೈರ್ ಆಟ ನಿಲ್ಲಿಸಿದರೆ ನಲವತ್ತೆಂಟು ಗಂಟೆಯೊಳಗೆ ಲಿಖಿತ ವರದಿ ಕೊಡಬೇಕು. ಆಲ್ಬಿ ಕೊಟ್ಟದ್ದು ಅರವತ್ತೊಂದನೇ ಗಂಟೆಗೆ. ನಡುವಿನ ಎರಡು ದಿನ ಅವನು ಹೊಗೆಯಾಡುವ ಮರದ ಬೊಡ್ಡೆಗಳಿಗೆ ನೀರು ಹಾಕುತ್ತಾ, ಊದಿದ ಕಣ್ಣಿಗೆ ಔಷಧಿ ಬಿಡಿಸಿಕೊಳ್ಳುತ್ತಾ ಇದ್ದ. ವರದಿ ತಡವಾದದ್ದರಿಂದ ಆಟ ನಿಂತೇ ಇಲ್ಲ ಎಂದು ತಾವು ತೀರ್ಮಾನಿಸಿದಿರಿ. ಆಟ ನಿಂತಿಲ್ಲವೆಂದ ಮೇಲೆ ಮೈದಾನದಲ್ಲಿ ಯಾರಿದ್ದರು ಎಂದು ಎಣಿಸಿದಿರಿ. ನರೀಲ್: ಇಬ್ಬರು. ಕುರಾಂಬಿ: ಸೊನ್ನೆ. ಗೆದ್ದವರು ನರೀಲ್! ಒಂದು ಉಬ್ಬಸ ಮತ್ತು ಒಂದು ಮೊಣಕಾಲು ಸೇರಿ ಒಂದು ತಂಡವನ್ನು ಸೋಲಿಸಿದ್ದು ಕ್ರಿಕೆಟ್‌ನಲ್ಲಿ ಇದೇ ಮೊದಲಿರಬೇಕು. ಮಳೆ ಬಂದರೆ ತಾವು ಅಂಕ ಹಂಚುತ್ತೀರಿ. ಬೆಂಕಿ ಬಂದರೆ ಕಿತ್ತುಕೊಳ್ಳುತ್ತೀರಿ. ಯಾವ ನ್ಯಾಯ ಇದು?

ವಿಚಾರಣೆಗೆ ನಾವೆಲ್ಲ ತಮ್ಮ ಕಚೇರಿಗೆ ಬಂದಿದ್ದೆವು. ರಾಸ್ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಗೋಡೆಗೆ ಒರಗಿ ನಿಂತಿದ್ದ, ಕುರ್ಚಿ ಸಾಕಾಗಿರಲಿಲ್ಲ. ತಾವು ನಿಯಮಾವಳಿಯ ಪುಟ ತಿರುವಿ ನನಗೆ ಹೇಳಿದಿರಿ: "ನೋಡಿ ನೋಲಾ, ಬೆಂಕಿ ಅನ್ನೋ ಪದಾನೇ ಇದರಲ್ಲಿ ಇಲ್ಲ."

ಆಗ ಡೇಮಿಯನ್ ಎದ್ದು ನಿಂತ. "ಸಾರ್, ಆ ಅಂಕ ನಮಗೆ ಬೇಡ. ಹಂಚಿಬಿಡಿ. ಅವರು ನಮ್ಮಪ್ಪನ್ನ ಎತ್ತಿ ತಂದಿದ್ದಾರೆ."

"ಬೇಡ ಅನ್ನೋದಕ್ಕೂ ಅವಕಾಶ ಇಲ್ಲ, ಡೇಮಿಯನ್."

"ಅಂದ್ರೆ ನಾವು ಗೆದ್ದಿಲ್ಲ ಅಂತ ನಾವೇ ಹೇಳಿದ್ರೂ ನೀವು ಗೆಲ್ಲಿಸ್ತೀರಾ?"

ತಾವು ಗಡಿಯಾರ ನೋಡಿಕೊಂಡಿರಿ. ಆ ಗಳಿಗೆಯನ್ನು ನಾನು ಮರೆತಿಲ್ಲ. ರಾಸ್ ಹೊರಗೆ ಹೋದ. ಇಡೀ ಬೇಸಿಗೆಯಲ್ಲಿ ಅವನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ನೋಡಿರಲಿಲ್ಲ, ಕೈ ಸುಟ್ಟುಕೊಂಡ ದಿನವೂ.

ಅಂಕ ಹಂಚಿದ್ದರೆ ನಾಲ್ಕನೇ ಸ್ಥಾನ ನಮ್ಮದು, ಸೆಮಿಫೈನಲ್ ನಮ್ಮದು. ತಮ್ಮ ತೀರ್ಪಿನಿಂದ ಅದು ನರೀಲ್‌ಗೆ ಹೋಯಿತು. ಮಾರ್ಚ್ ತಿಂಗಳ ಆ ಶನಿವಾರ ಜಿಲ್ಲಾ ಮೈದಾನದಲ್ಲಿ ತಾವು ಟೈ ಕಟ್ಟಿಕೊಂಡು ನರೀಲ್ ತಂಡಕ್ಕಾಗಿ ಕಾದಿರಿ. ಅವರು ಬರಲಿಲ್ಲ. ಬರುವುದಿಲ್ಲವೆಂದು ಡೇಮಿಯನ್ ಹಿಂದಿನ ಸೋಮವಾರವೇ ಬರೆದು ಕಳಿಸಿದ್ದ. ತಾವು ನಂಬಲಿಲ್ಲವಂತೆ. ಅಂಕ ಬೇಡವೆನ್ನುವ ಮನುಷ್ಯ ಭೂಮಿಯ ಮೇಲೆ ಇರಬಹುದೆಂದು ತಮಗೆ ಅನಿಸದಿದ್ದರೆ ಅದರಲ್ಲಿ ನನಗೆ ಆಶ್ಚರ್ಯವಿಲ್ಲ.

ಆ ಹೊತ್ತಿಗೆ ನಾವೆಲ್ಲ ನರೀಲ್ ಮೈದಾನದಲ್ಲಿದ್ದೆವು. ಅದೇ ಇಪ್ಪತ್ತೆರಡು ಜನ. ಒಬ್ಬ ಗಣಿ ಕೆಲಸಕ್ಕೆ ರಜೆ ಹಾಕಿ ರಾತ್ರಿ ಬಸ್ಸಿನಲ್ಲಿ ಬಂದಿದ್ದ. ಅದೇ ಇಬ್ಬರು ಅಂಪೈರುಗಳು. ಆಲ್ಬಿ ಜೇಬಿನಿಂದ ಬೇಲ್ಸ್ ತೆಗೆದು ಸ್ಟಂಪುಗಳ ಮೇಲಿಟ್ಟ. ನಾನು ಅದೇ ಪುಟ ತೆರೆದೆ. ಇಪ್ಪತ್ತಮೂರು ಓವರು ಎರಡು ಚೆಂಡು, ಮೂರಕ್ಕೆ ತೊಂಬತ್ತೆರಡು, ರಾಸ್ ಮೂವತ್ತನಾಲ್ಕು. ಸುತ್ತಲ ಹೊಲಗಳಿಂದ ಇನ್ನೂರಕ್ಕೂ ಹೆಚ್ಚು ಜನ ಬಂದು ಗಾಡಿಗಳನ್ನು ಬೌಂಡರಿ ಗೆರೆಯುದ್ದಕ್ಕೂ ನಿಲ್ಲಿಸಿದ್ದರು. ತಮ್ಮ ಸೆಮಿಫೈನಲ್ ನೋಡಲು ಎಷ್ಟು ಜನ ಬಂದಿದ್ದರೆಂದು ನಾನು ಕೇಳುವುದಿಲ್ಲ.

"ಉಳಿದದ್ದು ನೂರು ಚೆಂಡು, ಬೇಕಾಗಿರೋದು ಎಂಬತ್ತು," ಅಂದ ಡೇಮಿಯನ್, ರಾಸ್‌ನ ಕೈ ನೋಡುತ್ತಾ. ಅಂಗೈಯ ಹೊಸ ಚರ್ಮ ಇನ್ನೂ ಗುಲಾಬಿ ಬಣ್ಣದಲ್ಲಿತ್ತು. "ಆಗತ್ತೇನೋ ನಿನ್ನ ಕೈಯಲ್ಲಿ? ನಿಧಾನಕ್ಕೆ ಹಾಕ್ಲಾ?"

"ನಿಧಾನಕ್ಕೆ ಹಾಕಿದ್ರೆ ನಿಮ್ಮ ಮನೆ ಕೊಟ್ಟಿಗೆವರೆಗೂ ಹೊಡೀತೀನಿ."

"ಕೊಟ್ಟಿಗೆ ಎಲ್ಲಿದೆಯೋ ಮಾರಾಯ, ಸುಟ್ಟೋಯ್ತಲ್ಲ!"

ಇಬ್ಬರೂ ನಕ್ಕರು. ಮುಂದಿನ ಚೆಂಡು ರಾಸ್‌ನ ಗಲ್ಲದ ಪಕ್ಕದಲ್ಲೇ ಸುಂಯ್ ಎಂದು ಹೋಯಿತು. ಯಾರೂ ಯಾರಿಗೂ ಏನನ್ನೂ ಬಿಟ್ಟುಕೊಡಲಿಲ್ಲ, ಅಧ್ಯಕ್ಷರೇ. ವಿಕೆಟ್‌ಗಳು ಉರುಳಿದವು. ರಾಸ್ ಪ್ರತಿ ಹೊಡೆತಕ್ಕೂ ಹಲ್ಲು ಕಚ್ಚಿಕೊಂಡು ನಿಂತ, ಎಂಬತ್ತು ಮುಟ್ಟಿದ. ಕೊನೆಯ ಜೋಡಿ, ಕೊನೆಯ ಓವರು, ಎರಡು ಚೆಂಡಿಗೆ ಮೂರು ರನ್. ಅವನು ಚೆಂಡನ್ನು ಎಡಗಡೆ ತಳ್ಳಿ ಓಡಿದ. ಒಂದು ಬಂತು. ಎರಡನೆಯದಕ್ಕೆ ತಿರುಗಿದ. ಡೇಮಿಯನ್ ಬಗ್ಗಿ ಎತ್ತಿಕೊಂಡು, ಇಪ್ಪತ್ತೈದು ಗಜ ದೂರದಿಂದ, ಒಂದೇ ಒಂದು ಸ್ಟಂಪು ಕಾಣುತ್ತಿದ್ದಾಗ, ಅದಕ್ಕೇ ಗುರಿಯಿಟ್ಟು ಎಸೆದ.

"ಔಟ್!" ಎಂದು ಎಲ್ಲರಿಗಿಂತ ಮೊದಲು ಕೂಗಿದ್ದು ಬರ್ನಿ, ತನ್ನ ಪಿಕಪ್‌ನ ಹಿಂದೆ ನಿಂತುಕೊಂಡು.

ರಾಸ್ ನೆಲದ ಮೇಲೆ ಚಾಚಿಕೊಂಡೇ ತಲೆಯೆತ್ತಿದ. "ಬರ್ನಿ, ನಿಮ್ಮನ್ನ ಹೆಗಲ ಮೇಲೆ ಹೊತ್ತಿದ್ದು ನಾನು!"

"ಅದಕ್ಕೆ ಆವತ್ತೇ ಥ್ಯಾಂಕ್ಸ್ ಹೇಳಿದೀನಿ. ಇದು ಬೇರೆ. ಒಂದು ಅಡಿ ಹೊರಗಿದ್ದೆ, ನಡಿ ಆಚೆ!"

ನಾವು ಸೋತೆವು. ನೂರ ಎಪ್ಪತ್ತಕ್ಕೆ ಎಲ್ಲರೂ ಔಟ್, ಒಂದು ರನ್ನಿನ ಸೋಲು. ಅದನ್ನು ನಾನು ಬರೆದದ್ದು, ನಾಚಿಕೆಯಿಲ್ಲದೆ ಹೇಳುತ್ತೇನೆ, ಸಂತೋಷದಿಂದ. ರಾಸ್ ನನ್ನ ಮೇಜಿನ ಹತ್ತಿರ ಬಂದು ಪುಟದ ಮೇಲೆ ಬಗ್ಗಿದ. "ಸೋತಿದ್ದೀವಾ ನೋಲಾ?" "ಸೋತಿದ್ದೀವಿ ಕಣೋ." "ಸರಿ ಹಾಗಾದ್ರೆ," ಅಂದ. ಎರಡು ತಿಂಗಳಲ್ಲಿ ಮೊದಲ ಸಲ ಆ ಮನುಷ್ಯ ಅಂದು ಹೊಟ್ಟೆ ತುಂಬ ಉಂಡ.

ಇದಕ್ಕೆ ತಾವು ಕೊಟ್ಟ ಉಡುಗೊರೆಗಳು: ಆಲ್ಬಿಗೆ ಎರಡು ವರ್ಷ ನಿಷೇಧ. ರಾಸ್ ಮತ್ತು ಡೇಮಿಯನ್‌ಗೆ ಒಂದೊಂದು ವರ್ಷ. ಎರಡೂ ತಂಡಗಳಿಗೆ ಮುಂದಿನ ಋತುವಿನಲ್ಲಿ ಅಂಕ ಕಡಿತ. ಕಾರಣ, "ಅನುಮತಿಯಿಲ್ಲದ ಪಂದ್ಯ." ಜೊತೆಗೆ ತಮ್ಮ ಕಾರ್ಯದರ್ಶಿಗಳು ಆ ಸ್ಕೋರ್‌ಬುಕ್ ಪುಟಕ್ಕೆ ಅಡ್ಡಗೆರೆ ಎಳೆದು ಸಂಘಕ್ಕೆ ಒಪ್ಪಿಸಬೇಕೆಂದು ನನಗೆ ಆದೇಶ ಕಳಿಸಿದ್ದಾರೆ. ಉತ್ತರ ಇಲ್ಲೇ ತೆಗೆದುಕೊಳ್ಳಲಿ: ಎಳೆಯುವುದಿಲ್ಲ, ಒಪ್ಪಿಸುವುದೂ ಇಲ್ಲ.

ನಾನು ಕೇಳುತ್ತಿರುವುದು ಗೆಲುವನ್ನಲ್ಲ, ನಾಲ್ಕನೇ ಸ್ಥಾನವನ್ನಲ್ಲ, ತಮ್ಮ ಟ್ರೋಫಿಯನ್ನಲ್ಲ. ನಮ್ಮ ಸೋಲನ್ನು ನಮಗೆ ಕೊಡಿ. ಹದಿನೇಳನೇ ಪುಟಕ್ಕೆ ತಿದ್ದುಪಡಿ ಅಚ್ಚು ಮಾಡಿಸಿ: ಕುರಾಂಬಿ ಒಂದು ರನ್ನಿನಿಂದ ಸೋತಿತು. ಮೂವರ ನಿಷೇಧವನ್ನೂ ಅಂಕ ಕಡಿತವನ್ನೂ ರದ್ದು ಮಾಡಿ. ಬೆಂಕಿ ಎಂಬ ಪದವನ್ನು ನಿಯಮಾವಳಿಯಲ್ಲಿ ಸೇರಿಸಿ, ಮಳೆಯ ಪಕ್ಕದಲ್ಲೇ ಜಾಗವಿದೆ. ಆಗಸ್ಟ್ ತಿಂಗಳ ಮಹಾಸಭೆಗೆ ಎರಡೂ ಊರಿನವರು ಬರುತ್ತೇವೆ, ನಿಂತುಕೊಂಡೇ ಕೇಳುತ್ತೇವೆ.

ತಾವು ಒಪ್ಪದಿದ್ದರೂ ಅಕ್ಟೋಬರ್‌ನ ಮೊದಲ ಶನಿವಾರ ಕುರಾಂಬಿ ಮತ್ತು ನರೀಲ್ ನಮ್ಮ ಮೈದಾನದಲ್ಲಿ ಆಡುತ್ತವೆ. ಆಲ್ಬಿ ನಿಲ್ಲುತ್ತಾನೆ, ರಾಸ್ ಬ್ಯಾಟು ಹಿಡಿಯುತ್ತಾನೆ, ನಾನು ಬರೆಯುತ್ತೇನೆ. ಮಧ್ಯಾಹ್ನ ಒಂದು ಗಂಟೆಗೆ ಶುರು. ಬರುವುದಾದರೆ ಬನ್ನಿ, ಚಹಾ ಕೊಡುತ್ತೇವೆ. ಕುರ್ಚಿ ಮಾತ್ರ ತಾವೇ ತರಬೇಕು.

ಇಂತಿ,
ತಮ್ಮ ದಾಖಲೆಯಲ್ಲಿ ಓಡಿಹೋದವರ ಪರವಾಗಿ, ಅಂದು ಮೈದಾನ ಬಿಟ್ಟು ಹೋಗದೆ ಕೂತಿದ್ದರೂ ಲೆಕ್ಕಕ್ಕೆ ಸಿಗದ ಮುದುಕಿ,
ನೋಲಾ ಹೈನ್ರಿಕ್
ಸ್ಕೋರು ಬರೆಯುವವಳು, ಕುರಾಂಬಿ