ಕುಂಟದ ಕುರಿಗಳು

ಜೂನ್ 8, ಶನಿವಾರ

ಬಕ್ರೀದಿಗೆ ಎಂಟು ದಿನ. ನಮ್ಮ ಸ್ಫಾಕ್ಸ್ ಊರಿನ ಕುರಿಸಂತೆಯಲ್ಲಿ ಮೂರು ಗಂಟೆ ಹೊತ್ತು ಬಿಸಿಲು. ಅಮ್ಮ ಕಾರಿನಿಂದ ಇಳಿಯಲಿಲ್ಲ. ಬಾಗಿಲು ತೆರೆದು, ಕಾಲು ಹೊರಗೆ ಚಾಚಿ ಅಲ್ಲಿಂದಲೇ ಅಪ್ಪಣೆ.

"ನಡೆಸಿ ನೋಡೇ ದಲೆಂದಾ! ಕೊಂಬು ನೋಡಿ ಮರುಳಾಗ್ಬೇಡ, ಕಾಲು ನೋಡು!"

ನಡೆಸಿದೆ. ಗೋಡೆಯವರೆಗೆ, ವಾಪಸ್. ಇನ್ನೊಂದು ಸಲ. ಅಪ್ಪ ಇದ್ದಾಗಲೂ ಓಣಿಯಲ್ಲಿ ಹೀಗೇ ನಡೆಸುತ್ತಿದ್ದರು. ಊರಲ್ಲಿ ನನ್ನನ್ನು ಕರೆಯುವುದೇ ಮಂಡಿ ಡಾಕ್ಟರ್ ಎಂದು. ಮಾರುವವ ತಲೆ ಚಚ್ಚಿಕೊಂಡ. "ಮಂಡಿ ಡಾಕ್ಟರಿಗೆ ಕುರಿ ಮಾರೋದಕ್ಕಿಂತ ಮಗಳ ಮದುವೆ ಮಾಡೋದು ಸುಲಭ ಕಣಮ್ಮ!" ಅಮ್ಮ ಬಿದ್ದು ಬಿದ್ದು ನಕ್ಕಳು.

ಮಂಡಿನೋವಿನ ಮಧ್ಯಾಹ್ನದ ಮಾತ್ರೆ ಅಲ್ಲೇ ನುಂಗಿದಳು. ಹಸಿರು ಡಬ್ಬಿ, ಮೇಲೆ ಪಾಪಾಸುಕಳ್ಳಿ ಚಿತ್ರ, ಕೆಳಗೆ ಸಣ್ಣಕ್ಷರದಲ್ಲಿ ನನ್ನ ಹೆಸರು. ಕೇಳಿದೆ — ಈಗ ಹೇಗಿದೆ? "ಪರವಾಗಿಲ್ಲ." ಒಂಬತ್ತು ವರ್ಷದಿಂದ ಇದೇ ಪ್ರಶ್ನೆ, ಇದೇ ಉತ್ತರ.

ಜೂನ್ 11, ಮಂಗಳವಾರ

ಲ್ಯಾಬ್. ಹಬ್ಬದ ತಯಾರಿ. ಐಸ್ ಡಬ್ಬ, ಚೀಲ, ಚೀಟಿ. ತಾಲಾ ಬೆಟ್ಟದ ಮನೆಗಳಲ್ಲಿ ಬಲಿಯಾದ ಮುದಿ ಕುರಿಗಳ ಹಿಂಗಾಲಿನ ಮಂಡಿ ನಮಗಾಗಿ ತೆಗೆದಿಡುತ್ತಾರೆ. ಹದಿನಾರನೇ ವರ್ಷ. ನನ್ನ ಇಡೀ ವೃತ್ತಿ ಒಂದೇ ಸಾಲಿನ ಮೇಲೆ ನಿಂತಿದೆ: ಬೆಟ್ಟದಲ್ಲಿ ಪಾಪಾಸುಕಳ್ಳಿ ತಿಂದ ಕುರಿಯ ಮಂಡಿಯ ಮೃದ್ವಸ್ಥಿ (ಕೀಲಿನ ಮೆತ್ತೆಲುಬು) ಮುಪ್ಪಿನಲ್ಲೂ ಸವೆಯುವುದಿಲ್ಲ, ಊರ ಕಸಾಯಿಖಾನೆಗೆ ಬರುವ, ಬಾರ್ಲಿ ತಿಂದ, ಅದೇ ವಯಸ್ಸಿನ ಕುರಿಯದು ಸವೆದಿರುತ್ತದೆ. ಪ್ರೊಫೆಸರ್ ಮೊನ್ಸೆಫ್ ಅವರ ಕೀರ್ತಿ, ಕಳ್ಳಿ ಮಾತ್ರೆಯ ಕಂಪನಿ, ನನ್ನ ಈ ಕುರ್ಚಿ, ವಿದ್ಯಾರ್ಥಿನಿ ರಹ್ಮಾಳ ಪಿಎಚ್‌ಡಿ — ಎಲ್ಲ ಅದರ ಮೇಲೇ.

ಜುಲೈ 6ಕ್ಕೆ ಪ್ರೊಫೆಸರರ ಬೀಳ್ಕೊಡುಗೆ. ನಾನು ಹತ್ತು ನಿಮಿಷ ಮಾತಾಡಬೇಕಂತೆ. ಅಮ್ಮ ಮುಖ್ಯ ಅತಿಥಿ — 'ಸಂಶೋಧಕಿಯ ತಾಯಿ, ಮೊದಲ ರೋಗಿ.' ಪೋಸ್ಟರ್ ಆಗಲೇ ಅಚ್ಚಾಗಿದೆ.

ಜೂನ್ 17, ಸೋಮವಾರ. ತಾಲಾ

ಹಬ್ಬದ ಎರಡನೇ ದಿನ. ಇಪ್ಪತ್ತೆರಡು ಮಂಡಿ ಸಿಕ್ಕವು. ಬೆರ್ನಿ ಕಾಕಾನ ಅಂಗಳದಲ್ಲಿ ಬಾದಾಮಿ ಹಾಕಿದ ಚಹಾ. ಎಪ್ಪತ್ತು ದಾಟಿದ ಕುರಿಗಾಹಿ, ಮೊದಲ ವರ್ಷದಿಂದ ನಮಗೆ ಮನೆಮನೆ ತೋರಿಸಿದವನು. ಅವನ ಹಿಂಡು ಗುಡ್ಡ ಇಳಿಯುತ್ತಿತ್ತು. ಹಿಂದೆ ಉಳಿದ ಒಂದು ಮುದಿ ಕುರಿ ಮೂರೇ ಕಾಲಿನಲ್ಲಿ ಕುಪ್ಪಳಿಸುತ್ತಿತ್ತು.

"ಕಲ್ಲು ಚುಚ್ಚಿತೇನು ಕಾಕಾ?"

"ಕಲ್ಲೆಲ್ಲೀದವ್ವಾ. ಮಂಡಿ ಹೋಗೇತಿ. ಮುದುಕಿ ಆತು."

"ಕಳ್ಳಿ ತಿನ್ನಲ್ವಾ ಅದು?"

"ಹುಟ್ಟಿದಾಗಿಂದ ತಿಂದೈತಿ. ಇಲ್ಲಿ ಮತ್ತೇನೈತಿ ತಿನ್ನಾಕ?"

"ಇಂಥ ಮಂಡಿ ನನಗೆ ಒಂದೂ ಕೊಟ್ಟಿಲ್ವಲ್ಲ, ಇಷ್ಟು ವರ್ಷ?"

ಅವನು ನನ್ನ ಮುಖವನ್ನೇ ನೋಡಿದ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿರಬೇಕು.

"ಏ ಡಾಕ್ಟರವ್ವಾ, ನೀ ಮುಸಲ್ಮಾನ್ರ ಮಗಳು ಹೌದಿಲ್ಲೋ? ಕುಂಟೋ ಕುರೀನ ಯಾರರ ಬಲಿ ಕೊಡ್ತಾರೇನು? ಅವು ಹಬ್ಬಕ್ಕಿಂತ ಮೊದಲಽ ಲಾರಿ ಹತ್ತತಾವ. ನಿಮ್ಮೂರ ಕಸಾಯಿಖಾನೀಗೇ."

ಚಹಾ ಆರಿತು. ಕುಡಿಯಲಾಗಲಿಲ್ಲ.

ಜೂನ್ 18

ಮನೆಗೆ ಬಂದು ಕೂತಿದ್ದೇನೆ. ಅಂಗಳದಲ್ಲಿ ಅಮ್ಮ ಮಾಂಸದ ಪಟ್ಟಿಗಳಿಗೆ ಉಪ್ಪು ಹಚ್ಚಿ ಒಣಹಾಕುತ್ತಿದ್ದಾಳೆ.

ಹಬ್ಬದ ಗುಂಪು ಎಂದರೆ ಕುಂಟದ ಕುರಿಗಳ ಗುಂಪು. ಬೇನೆ ಇದ್ದದ್ದನ್ನು ಮನೆಯವರೇ ಮೊದಲೇ ಆರಿಸಿ ತೆಗೆದಿದ್ದಾರೆ. ತೆಗೆದದ್ದು ಸೇರಿದ್ದು ನನ್ನ ಇನ್ನೊಂದು ಗುಂಪಿಗೆ — ಬಾರ್ಲಿ ತಿಂದವು ಎಂದು ನಾನು ಬರೆದುಕೊಂಡ ಕಸಾಯಿಖಾನೆ ಗುಂಪಿಗೆ. ಕಳ್ಳಿಯಲ್ಲಿ ಏನೂ ಇಲ್ಲದಿದ್ದರೂ ಇದೇ ಫಲಿತಾಂಶ ಬರುತ್ತಿತ್ತು...

ನಮ್ಮ ಪ್ರಬಂಧ ಪರಿಶೀಲಿಸಿದ ಪ್ಯಾರಿಸ್ಸಿನ ವಿಮರ್ಶಕರು ಹನ್ನೊಂದು ಪ್ರಶ್ನೆ ಕೇಳಿದ್ದರು. ಇದನ್ನು ಕೇಳಲಿಲ್ಲ. ಕುಂಟುವುದು ಬಲಿಗೆ ಸಲ್ಲದೆಂದು ಅವರಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು — ಲ್ಯಾಬಿನಲ್ಲಿ ಕಸ ಗುಡಿಸುವವಳಿಂದ ಹಿಡಿದು ಪ್ರೊಫೆಸರರವರೆಗೆ ಎಲ್ಲರಿಗೂ, ಹಾಲುಹಲ್ಲು ಬಿದ್ದಾಗಿನಿಂದ. ಹತ್ತು ದಿನದ ಹಿಂದೆ ನಾನೇ ಸಂತೆಯಲ್ಲಿ ನಡೆಸಿ ನೋಡಿದೆನಲ್ಲ! ಕೈಯಲ್ಲಿ ಹಗ್ಗ ಹಿಡಿದು! ನಾಚಿಕೆಯಾಗುತ್ತಿದೆ. ಭಯವೂ.

ಜೂನ್ 22

ನಾನು ಕೇಳಿದ್ದನ್ನು ಬೆರ್ನಿ ಕಾಕಾ ಕಳಿಸಿದ. ಹನ್ನೆರಡು ಮಂಡಿ. ಎಲ್ಲ ಕುಂಟುತ್ತಿದ್ದವು, ಎಲ್ಲ ಕಳ್ಳಿ ತಿಂದವು. ಚೀಟಿಯಲ್ಲಿ ನಂಬರ್ ಮಾತ್ರ ಬರೆದೆ, ಎಲ್ಲಿಯವೆಂದು ರಹ್ಮಾಗೆ ತಿಳಿಯದಿರಲಿ ಎಂದು.

ಜೂನ್ 27, ಗುರುವಾರ

ರಹ್ಮಾ ಬಣ್ಣ ಹಾಕಿದಳು. ಗಟ್ಟಿ ಮೃದ್ವಸ್ಥಿ ಕೆಂಪು ಹಿಡಿಯುತ್ತದೆ, ಸವೆದದ್ದು ಹಿಡಿಯುವುದಿಲ್ಲ. ಸೂಕ್ಷ್ಮದರ್ಶಕದಿಂದ ತಲೆ ಎತ್ತದೆಯೇ ಕೇಳಿದಳು:

"ಮೇಡಂ, ಇವು ಕಸಾಯಿಖಾನೆ ಗುಂಪು ಅಲ್ವಾ? ಚೀಟಿಯಲ್ಲಿ ಗುಂಪು ಬರೆಯೋದು ಮರೆತಿದ್ದೀರಿ."

"ಯಾಕೆ ಹಾಗಂತೀಯ?"

"ನೋಡಿದ್ರೇ ಗೊತ್ತಾಗುತ್ತೆ. ಪೂರ್ತಿ ಬಿಳಿಚಿಕೊಂಡಿವೆ, ಪಾಪ."

ಹೌದು ಎಂದೆ. ಹದಿನಾರು ವರ್ಷದಲ್ಲಿ ಗೊತ್ತಿದ್ದೂ ಬರೆಸಿದ ಮೊದಲ ಸುಳ್ಳು ಚೀಟಿ.

ಜೂನ್ 28

ಪ್ರೊಫೆಸರರ ಕೋಣೆ. ಎಲ್ಲ ಹೇಳಿದೆ. ಅವರು ಕನ್ನಡಕ ಒರೆಸಿದರು.

"ಯಾರಿಗೆ ಹೇಳಿದ್ದೀಯ, ಮಗಳೇ?"

"ಯಾರಿಗೂ ಇಲ್ಲ, ಸರ್."

"ಒಳ್ಳೇದು. ಮುಂದಿನ ವರ್ಷ ಒಂದು ಹೊಸ ಪ್ರಬಂಧ ಬರಿ. 'ಇನ್ನಷ್ಟು ಅಧ್ಯಯನ ಬೇಕು' ಅನ್ನು. ಹಳೇದನ್ನ ಮುಟ್ಟಬೇಡ."

"ಜನ ದಿನಾ ನುಂಗ್ತಿದ್ದಾರಲ್ಲ ಸರ್?"

"ಕಳ್ಳಿ ತಿಂದು ಯಾರೂ ಸತ್ತಿಲ್ಲ." ಮತ್ತೆ, ಮೆಲ್ಲಗೆ — "ಈ ಲ್ಯಾಬಲ್ಲಿ ಹದಿನಾಲ್ಕು ಜನ ಇದ್ದಾರೆ ದಲೆಂದಾ. ನೀನು ಕಡ್ಡಿ ಗೀರೋದು ನನ್ನ ಮನೆಗಲ್ಲ, ಅವರ ಮನೆಗೆ."

ಅಪ್ಪ ತೀರಿಕೊಂಡ ವರ್ಷ ನನ್ನ ಫೀಸು ಕಟ್ಟಿದವರು ಇವರೇ. ಅತ್ತ ದರಿ, ಇತ್ತ ಪುಲಿ.

ಜುಲೈ 1, ಸೋಮವಾರ

ಯಾರೂ ಸತ್ತಿಲ್ಲ. ನಿಜ. ಆರು ವರ್ಷದ ಹಿಂದೆ ಸರ್ಜನ್ ಅಮ್ಮನಿಗೆ ಮಂಡಿ ಬದಲಿಸೋಣ ಎಂದಿದ್ದರು. "ನನ್ನ ಮಗಳ ಔಷಧಿ ಇದೆಯಲ್ಲ" ಎಂದು ಎದ್ದು ಬಂದಳು. ನಾನು ಪಕ್ಕದಲ್ಲೇ ಇದ್ದೆ. ಹೆಮ್ಮೆಪಟ್ಟೆ. ಈ ಫೆಬ್ರವರಿಯಲ್ಲಿ ಅದೇ ಸರ್ಜನ್ — ಈಗ ಹೃದಯ ತಡೆಯೋದಿಲ್ಲ, ಆಗಲೇ ಮಾಡಿಸಬೇಕಿತ್ತು.

ಇಂದು ಸಂಜೆ ಹೇಳಿದೆ. ಕುರ್ಚಿಯ ಮೇಲೆ ಕೂತು ನಮಾಜು ಮುಗಿಸಿದ್ದಳು. ನಾನು ನೆಲದ ಮೇಲೆ, ಅವಳ ಕಾಲ ಬಳಿ.

"ಅಮ್ಮ, ಆ ಮಾತ್ರೆಯಲ್ಲಿ ಏನೂ ಇಲ್ಲ."

"ಗೊತ್ತು."

"...ಯಾವಾಗಿಂದ?"

"ಎರಡನೇ ವರ್ಷದಿಂದ. ನೋವು ಕಮ್ಮಿ ಆಗಿದ್ರೆ ನಂಗೇ ಗೊತ್ತಾಗಲ್ವೇನೇ?"

"ಮತ್ತೆ ಯಾಕೆ ಪರವಾಗಿಲ್ಲ, ಪರವಾಗಿಲ್ಲ ಅಂತಿದ್ದೆ? ಆಪರೇಷನ್ ಯಾಕೆ ಬೇಡ ಅಂದೆ?"

"ನಾನೇ ಮಂಡಿ ಕೊಯ್ಸಿಕೊಂಡ್ರೆ ಈ ಊರಲ್ಲಿ ಇನ್ಯಾರು ನುಂಗ್ತಾರೆ ನಿನ್ನ ಮಾತ್ರೆ? ನೀನು ಕೇಳೋವಾಗ ನಿನ್ನ ಮುಖ ಹೇಗಿರ್ತಿತ್ತು ಗೊತ್ತಾ? ಪರೀಕ್ಷೆ ಬರೆದು ಮನೆಗೆ ಬರ್ತಿದ್ಯಲ್ಲ, ಹಾಗೆ."

ಅತ್ತೆ. ಅವಳು ಅಳಲಿಲ್ಲ. ಅದಕ್ಕೇ ಇನ್ನೂ ಜೋರಾಗಿ ಅತ್ತೆ. ಆಮೇಲೆ ಹೊಳೆಯಿತು — ಅವಳು ಮದುವೆಮನೆಗಳಿಗೆ ಎಲ್ಲರಿಗಿಂತ ಮೊದಲು ಹೋಗಿ ಕೂರುತ್ತಿದ್ದದ್ದು, ಎಲ್ಲರೂ ಹೋದ ಮೇಲೆ ಏಳುತ್ತಿದ್ದದ್ದು, ಸಂತೆಯಲ್ಲಿ ಕಾರಿನಿಂದ ಇಳಿಯದೇ ಇದ್ದದ್ದು, ಎಲ್ಲ ಕುಂಟುವುದು ಯಾರಿಗೂ ಕಾಣದಿರಲೆಂದು. ನಾನು ಮಂಡಿ ಡಾಕ್ಟರು!

ಜುಲೈ 5

ನಮ್ಮ ಪ್ರಬಂಧ ತಪ್ಪೆಂದು ವಿಜ್ಞಾನ ಪತ್ರಿಕೆಗೆ ಬರೆದ ಪತ್ರ ನಾಲ್ಕು ದಿನದಿಂದ ಕಂಪ್ಯೂಟರಿನಲ್ಲೇ ಇದೆ. ಮೂರು ಸಲ ತೆರೆದೆ. ಮೂರು ಸಲವೂ ರಹ್ಮಾ ಚಹಾ ತಂದಳು; ಅವಳ ಮುಖ ನೋಡಿ ಮುಚ್ಚಿದೆ.

ಪ್ರೊಫೆಸರರ ಫೋನ್. ಸಮಾರಂಭದ ವಿವರ. ಕೊನೆಗೆ, ಬಹಳ ಸಹಜವಾಗಿ: "ಅಮ್ಮನ್ನ ಸ್ವಲ್ಪ ಬೇಗ ಕರ್ಕೊಂಡು ಬಾ. ಅತಿಥಿಗಳು ಬರೋ ಮೊದಲೇ ಮುಂದಿನ ಸಾಲಲ್ಲಿ ಕೂರಿಸಿಬಿಡೋಣ. ಅವರಿಗೂ ಆರಾಮ."

ಆಗಲಿ ಸರ್ ಎಂದೆ. ಅಮ್ಮನಿಗೂ ಹಾಗೇ ಹೇಳಿದೆ.

ಜುಲೈ 6, ಶನಿವಾರ. ಬೆಳಿಗ್ಗೆ 11:10. ಸಭಾಂಗಣ

ವೇದಿಕೆಯ ಮೇಲಿದ್ದೇನೆ. ಆಮಂತ್ರಣದ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಒಂಬತ್ತಕ್ಕೆ ಕಾರು ತಂದಾಗ ಅಮ್ಮ ಕೋಣೆಯ ಬಾಗಿಲು ತೆರೆಯಲಿಲ್ಲ. "ನೀ ಹೋಗು, ನಾ ಟ್ಯಾಕ್ಸೀಲಿ ಬರ್ತೀನಿ." ಮುಂದಿನ ಸಾಲಿನ ಕುರ್ಚಿ ಖಾಲಿ. ಪ್ರೊಫೆಸರರು ಎರಡು ಸಲ ನನ್ನ ಕಡೆ ನೋಡಿದರು. ಕಂಪನಿಯವನ ಮಾತು ನಡೆದಿದೆ. ಮುಂದಿನವಳು ನಾನು. ಹೊಗಳಿಕೆಯ ಮೂರು ಪುಟ ಮಡಿಲಲ್ಲಿದೆ. ಓದಿಬಿಡುತ್ತೇನೇನೋ. ಅದೇ ಸುಲಭ.

11:20

ಹಿಂದಿನ ಬಾಗಿಲು ತೆರೆಯಿತು. ಅಮ್ಮ. ಹಬ್ಬದ ಬಿಳಿ ಹೊದಿಕೆ. ಕೋಲಿಲ್ಲ, ಯಾರ ಕೈಯನ್ನೂ ಹಿಡಿದಿಲ್ಲ. ನಡುದಾರಿಯಲ್ಲಿ ಬರುತ್ತಿದ್ದಾಳೆ. ಬಲಗಾಲು ಎಳೆಯುತ್ತಾ, ಒಂದೊಂದು ಹೆಜ್ಜೆಗೂ ಮೈ ವಾಲಿಸುತ್ತಾ, ಇನ್ನೂರು ಜನರೆದುರು. ಕಂಪನಿಯವ ಮಾತು ನಿಲ್ಲಿಸಿದ್ದಾನೆ. ಯಾರೋ ಆಸರೆ ಕೊಡಲು ಎದ್ದರು. ಬೇಡ ಎಂದು ಕೈ ಬೀಸಿದಳು. ಅವಸರವಿಲ್ಲ. ನಾನು ನೋಡಲಿ ಎಂದೇ ನಡೆಯುತ್ತಿದ್ದಾಳೆ.

ನನ್ನ ಹೆಸರು ಕರೆದರು. ಮೂರು ಪುಟಗಳನ್ನು ಕುರ್ಚಿಯ ಕೆಳಗಿಟ್ಟೆ. ಹೀಗೆ ಶುರು ಮಾಡುತ್ತೇನೆ: ನಮ್ಮಲ್ಲಿ ಹಬ್ಬಕ್ಕೆ ಕುಂಟುವ ಕುರಿಯನ್ನು ಯಾರೂ —